ಗಿಡಕ್ಕ ಬಂಜಿ ಅನ್ನೂಕಿಂತ ಮೊದಲ ಲೈಟ್ ಆರಿಸ್ರಿ

ಶ್ಯಾವಂತಿಗಿ ಹೂ ಬಿಡಲಿಲ್ಲ ಅಂದ್ರ ಅದು ಗಿಡದ ತಪ್ಪಲ್ಲ. ಮಣ್ಣಿನ ತಪ್ಪಲ್ಲ, ಭಾಳ ಸಲ ನರ್ಸರಿಯವನ ತಪ್ಪೂ ಅಲ್ಲ. ನಿಮ್ಮ ಮನೀ ಮುಂದ ರಾತ್ರಿ ಇಡೀ ಉರೀತದಲ್ಲ, ಆ ಎಲ್‌ಇಡಿ ಲೈಟಿನ ತಪ್ಪು. ಅದನ್ನ ಹಚ್ಚಿ ಮರ್ತು ಮಲಗಿದವ್ರ ತಪ್ಪು. ಹೇಳೂದು ಇಷ್ಟ. ಆದ್ರ ಇಷ್ಟ ಹೇಳಿದ್ರ ನಮ್ಮ ಮಂದಿ ನನ್ನ ಮಾರಿ ಹೆಂಗ ನೋಡ್ತಾರ ಅಂದ್ರ, ನಾ ಏನೋ ಅವರ ಮನ್ಯಾಗ ಮಾಟ ಅದ ಅಂದಂಗ ನೋಡ್ತಾರ. ಹಿಂಗಾಗಿ ಇವತ್ತು ಕೂತು ಉದ್ದಕ್ಕ ಬರೀಲಿಕ್ಕೆ ಹತ್ತೀನಿ.

ಗಣಪತಿ ಹೋಗಿ ದಸರಾ ಬರೂದ್ರಾಗ ನಮ್ಮ ಧಾರವಾಡದಾಗ ಮುಂಜಾನೆ ಗಾಳಿಗೆ ಒಂದು ತಂಪು ಬಂದಿರ್ತದ. ಆವಾಗಿಂದ ಸಂಕ್ರಮಣದ ತನಕ ಶ್ಯಾವಂತಿಗಿ ಕಾಲ. ಖಂಡೇ ಪೂಜಾಕ್ಕ ಬೇಕು, ಗಾಡಿಗೆ ಬೇಕು, ಬಾಗಲ ಮಾಲಿಗೆ ಬೇಕು, ಲಕ್ಷ್ಮೀ ಪೂಜಾಕ್ಕಂತೂ ಬೇಕೇ ಬೇಕು. ಹಬ್ಬದ ಹಿಂದಿನ ದಿನ ಸಂತ್ಯಾಗ ಮಾರಿಗೆ ಹೇಳೂ ರೇಟ್ ಕೇಳಿದ್ರ ದೇವರಿಗೆ ಒಂದ ಹೂ ಸಾಕು ಅನಸ್ತದ. ಅದಕ್ಕ ನಾವೆಲ್ಲಾ ಕಟ್ಟಿ ಮ್ಯಾಲ, ಬಾಲ್ಕನ್ಯಾಗ ಎರಡು ಕುಂಡ ಇಟಗೊಂಡಿರ್ತೀವಿ. ಹಳದಿ ಒಂದು, ಬಿಳಿ ಒಂದು. ಮಳಿಗಾಲದಾಗ ಅವು ಮೊಣಕಾಲ ಮಟ ಬೆಳೀತಾವ, ಎಲಿ ಹಸರಾಗಿ ಫಳಫಳ ಅಂತಾವ. ದಸರಾ ಹೋಗ್ತದ, ದೀಪಾವಳಿ ಹೋಗ್ತದ, ಗೌರಿ ಹುಣ್ಣಿವೀನೂ ಹೋಗ್ತದ. ಒಂದು ಮಗ್ಗಿ ಇಲ್ಲ.

ಆವಾಗ ಶುರು ಆಗ್ತದ ಔಷಧ. ಬಾಳಿಹಣ್ಣಿನ ಸಿಪ್ಪಿ ಮೂರು ದಿನ ನೆನಸಿದ ನೀರು. ಅಕ್ಕಿ ತೊಳದ ನೀರು. ಸಕ್ಕರಿ-ಹಾಲು ಹಂಗ ಇರೂ ಚಹಾದ ಚರಟ, ಅದಕ್ಕ ಇರವಿ ಮುತ್ತತಾವ. ತತ್ತಿ ಸಿಪ್ಪಿ, ಹುಳಿ ಮಜ್ಜಿಗಿ, ಯಾರೋ ವಿಡಿಯೋದಾಗ ಹೇಳಿದ್ರಂತ ತಲಿನೋವಿನ ಗುಳಿಗಿ. ಕಡೀಕ ಒಂದು ಮುಟಿಗಿ ಯೂರಿಯಾ. ಯೂರಿಯಾ ಹಾಕಿದ ಮ್ಯಾಲ ಗಿಡ ಮತ್ತಷ್ಟು ಎಲಿ ಬಿಡ್ತದ, ಯಾಕಂದ್ರ ಸಾರಜನಕದ ಕೆಲಸನ ಅದು. ‘ನೋಡ್ರಿ, ಎಷ್ಟು ಛಂದ ಆತು, ಇನ್ನ ಹೂ ಬರ್ತದ’ ಅಂತಾರ. ಬರೂದಿಲ್ಲ. ಬೇರು ಕೊಳತು ಸತ್ತರ ಮಾತ್ರ ಪೀಡಾ ಹೋತು ಅಂತ ಸಮಾಧಾನ.

ಈ ಔಷಧದೊಳಗ ಒಂದೂ ‘ಈಗ ಹೂ ಬಿಡು’ ಅಂತ ಹೇಳೂದಿಲ್ಲ. ಹೊಟ್ಟಿ ತುಂಬಸ್ತಾವ ಇಲ್ಲಾ ಕೆಡಸ್ತಾವ, ಅಷ್ಟ. ಹೂ ಬಿಡೂ ಹೊತ್ತು ಯಾವುದು ಅನ್ನೂದನ್ನ ಶ್ಯಾವಂತಿಗಿ ಊಟದಿಂದ ತಿಳಕೊಳ್ಳೂದಿಲ್ಲ. ಅದು ರಾತ್ರಿ ಅಳೀತದ.

ಖರೇನ ಅಳೀತದ. ಎಲಿಯೊಳಗ ಫೈಟೋಕ್ರೋಮ್ ಅಂತ ಒಂದು ವಸ್ತು ಅದ. ಬೆಳಕು ಬಿದ್ದಾಗ ಅದರದು ಒಂದು ರೂಪ, ಕತ್ತಲಿಯೊಳಗ ಮೆಲ್ಲಕ ಇನ್ನೊಂದು ರೂಪಕ್ಕ ಹೊಳ್ಳತದ. ಕತ್ತಲಿ ಉದ್ದಾತು ಅಂದ್ರ ಎಲಿಗೆ ತಿಳೀತದ, ಚಳಿಗಾಲ ಬಂತು ಅಂತ. ಆವಾಗ ಎಲಿಯಿಂದ ಟೊಂಗಿ ತುದಿಗೆ ಸುದ್ದಿ ಹೋಗ್ತದ. ಅಲ್ಲೀತನಕ ಎಲಿ ಹುಟ್ಟಸ್ಕೋತ ಹೊಂಟಿದ್ದ ತುದಿ, ಆ ಸುದ್ದಿ ಬಂದ ಮ್ಯಾಲ ಮಗ್ಗಿ ಕಟ್ಟತದ. ಸುದ್ದಿ ಎಲಿಯಿಂದನ ಹೋಗ್ತದ ಅನ್ನೂದನ್ನ ತೋರಿಸಿದ್ದು ಇದ ಶ್ಯಾವಂತಿಗಿ ಮ್ಯಾಲ. 1930ರ ದಶಕದಾಗ ಸೋವಿಯತ್ ದೇಶದ ಚೈಲಖ್ಯಾನ್ ಅನ್ನೂ ವಿಜ್ಞಾನಿ ಗಿಡದ ಮ್ಯಾಲಿನ ಎಲಿ ಎಲ್ಲಾ ಕಿತ್ತು, ಕೆಳಗಿನ ಎಲಿಗಷ್ಟ ಉದ್ದ ಕತ್ತಲಿ ಕೊಟ್ಟ. ಬೋಳು ತುದೀಗೆ ಬೆಳಕು ಬಿದ್ದಿತ್ತು, ಆದರೂ ಅಲ್ಲೆ ಹೂ ಬಂತು. ಆ ಸುದ್ದಿಗೆ ಅವನು ಫ್ಲೋರಿಜೆನ್ ಅಂತ ಹೆಸರಿಟ್ಟ.

ಅದಕ್ಕೂ ಮೊದಲ, 1920ರಾಗ, ಅಮೆರಿಕಾದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅನ್ನೂ ಇಬ್ಬರು ಒಂದು ತಂಬಾಕಿನ ಗಿಡದ ಬೆನ್ನ ಹತ್ತಿದ್ರು. ಬ್ಯಾಸಗಿಯೊಳಗ ಆಳೆತ್ತರ ಬೆಳೀತಿತ್ತು, ಹೂ ಮಾತ್ರ ಬಿಡತಿದ್ದಿಲ್ಲ. ನಮ್ಮಂಗ ಅವರೂ ಗೊಬ್ಬರ, ನೀರು, ಶಾಖ ಎಲ್ಲಾ ನೋಡಿದ್ರು. ಕಡೀಕ ಗಿಡಗಳನ್ನ ಸಂಜಿ ಮುಂದ ಕತ್ತಲಿ ಕೋಣ್ಯಾಗ ಇಟ್ರು, ಹೂ ಬಂತು. ಹಗಲಿನ ಉದ್ದದ ಆಟ ಇದು ಅಂತ ಬರದ್ರು. ಮುಂದ 1938ರಾಗ ಹ್ಯಾಮ್ನರ್ ಮತ್ತು ಬಾನರ್ ಅನ್ನವ್ರು ಇನ್ನೊಂದು ಹೆಜ್ಜಿ ಮುಂದ ಹೋದ್ರು. ಧೋತರಕ್ಕ, ಸೀರಿ ಅಂಚಿಗೆ ಅಂಟೂ ಮುಳ್ಳಕಾಯಿ ಕಸ ಇರ್ತದಲ್ಲ, ನಮ್ಮ ಹೊಲದ ಬದುವಿನ್ಯಾಗೂ ಅದ, ಅದರ ಮ್ಯಾಲ ಪ್ರಯೋಗ ಮಾಡಿದ್ರು. ಹಗಲಿನ ನಡುವ ಸ್ವಲ್ಪ ಹೊತ್ತು ಕತ್ತಲಿ ಮಾಡಿದ್ರ ಗಿಡಕ್ಕ ಏನೂ ಅನಸಲಿಲ್ಲ. ರಾತ್ರಿ ನಡುವ ಸ್ವಲ್ಪ ಹೊತ್ತು ಲೈಟ್ ಹಚ್ಚಿದ್ರ ಹೂ ಬಿಡೂದನ್ನ ಬಿಟ್ಟುಬಿಡ್ತು. ಅಂದ್ರ ಗಿಡ ಎಣಸೂದು ಹಗಲಲ್ಲ, ತುಂಡ ಆಗಲಾರದ ರಾತ್ರಿ. ತೊಂಬತ್ತು ವರ್ಷ ಆಗ್ತಾ ಬಂತು ಈ ಮಾತು ತಿಳದು. ನಮ್ಮ ಅಂಗಳಕ್ಕ ಇನ್ನೂ ಬಂದು ಮುಟ್ಟಿಲ್ಲ.

ಹೂವಿನ ಧಂದೇ ಮಾಡವ್ರಿಗೆ ಮಾತ್ರ ಛಲೋ ಮುಟ್ಟೇದ. ಅವರು ಇದನ್ನ ತಿರುವಿ ಉಪಯೋಗ ಮಾಡ್ತಾರ. ರೇಟ್ ಇಲ್ಲದ ಹೊತ್ತಿನ್ಯಾಗ ಹೂ ಬರಬಾರ್ದು ಅಂದ್ರ ಪಾಲಿಹೌಸಿನೊಳಗ ನಡುರಾತ್ರಿ ಕೆಲವು ತಾಸು ಲೈಟ್ ಹಚ್ಚತಾರ. ಗಿಡ ಎಲಿ ಬಿಟಗೋತ ಸುಮ್ಮನ ಕೂಡ್ತದ. ಹಬ್ಬಕ್ಕ ಲೆಕ್ಕ ಹಾಕಿ ಲೈಟ್ ಆರಿಸ್ತಾರ, ಇಲ್ಲಾ ಕರೇ ಬಟ್ಟಿ ಎಳೀತಾರ. ಜಪಾನಿನ ಐಚಿ ಪ್ರಾಂತದಾಗ ಅಂತೂ ಹಿಂಗ ಲೈಟಿನ್ಯಾಗ ಬೆಳೆಸಿದ ಶ್ಯಾವಂತಿಗಿಗೆ ಬ್ಯಾರೆ ಹೆಸರ ಅದ, ‘ದೆನ್‌ಶೋಗಿಕು’ ಅಂತ. ಆ ಕಡೆ ರಾತ್ರಿ ಸಾಲು ಸಾಲು ಬೆಳಗೂ ಗಾಜಿನ ಮನಿ ನೋಡ್ಲಿಕ್ಕೆ ಮಂದಿ ಹೋಗ್ತಾರ. ವಿಚಾರ ಮಾಡ್ರಿ. ಹೂ ಬರಬಾರ್ದು ಅಂತ ರೊಕ್ಕ ಖರ್ಚು ಮಾಡಿ ಅವರು ಏನು ಮಾಡ್ತಾರೋ, ಹೂ ಬರಲಿ ಅಂತ ಹರಕಿ ಹೊತ್ತು ನಾವು ಅದನ್ನ ಮಾಡ್ಲಿಕ್ಕೆ ಹತ್ತೇವಿ.

ಈಗ ನಮ್ಮೂರ ಲೆಕ್ಕ ನೋಡ್ರಿ. ಧಾರವಾಡದಾಗ ಜೂನ್ ತಿಂಗಳ ಉದ್ದನ ಹಗಲು ಸುಮಾರು 13 ತಾಸು. ಡಿಸೆಂಬರದ ಸಣ್ಣ ಹಗಲು 11 ತಾಸಿನ ಮ್ಯಾಲ ಚೂರು. ಎರಡರ ನಡುವ ಎರಡು ತಾಸಿನ ಫರಕೂ ಇಲ್ಲ. ಇಷ್ಟ ಸಣ್ಣ ಫರಕು ಹಿಡಕೊಂಡು ಗಿಡ ಋತು ಗುರ್ತಸಬೇಕು. ನವೆಂಬರದಾಗ ಸಂಜಿ ಆರಕ್ಕ ಹೊತ್ತು ಮುಳುಗ್ತದ, ಮುಂಜಾನೆ ಆರೂವರಿ ಸುಮಾರಿಗೆ ಏಳ್ತದ. ಹನ್ನೆರಡೂವರಿ ತಾಸಿನ ರಾತ್ರಿ, ಶ್ಯಾವಂತಿಗಿಗೆ ಬೇಕಾದಷ್ಟು. ನಾವೇನ್ ಮಾಡ್ತೀವಿ? ಆರಕ್ಕ ಕಟ್ಟಿ ಲೈಟ್ ಹಚ್ಚತೀವಿ. ಸೀರಿಯಲ್ ಮುಗದು, ಊಟ ಆಗಿ, ಮಗಾ ಆಫೀಸಿನಿಂದ ಬರೂತನಕ ಹನ್ನೊಂದು. ಗಿಡಕ್ಕ ಸಿಕ್ಕ ರಾತ್ರಿ ಏಳೂವರಿ ತಾಸು. ಜೂನ್ ತಿಂಗಳಿನ್ಯಾಗೂ ಅದಕ್ಕ ಹನ್ನೊಂದು ತಾಸಿನ ರಾತ್ರಿ ಇರ್ತದ! ಧಾರವಾಡದಾಗ ಎಂದೂ ಬರಲಾರದಂಥಾ ಉದ್ದನ ಹಗಲು ನಾವು ಚಳಿಗಾಲದಾಗ ತಯಾರ ಮಾಡೇವಿ. ಇನ್ನ ರಾತ್ರಿ ಇಡೀ ಲೈಟ್ ಇಟ್ಟವ್ರ ಮನ್ಯಾಗ ಅಂತೂ ರಾತ್ರೀನ ಆಗೂದಿಲ್ಲ.

‘ಒಂದು ಬಲ್ಬಿಗೆ ಇಷ್ಟೆಲ್ಲಾ ಆಗ್ತದೇನ್ರಿ?’ ಅಂತ ಕೇಳ್ತಾರ. ಆಗ್ತದ. ಬೆಳೆಗಾರರು ಹೂ ತಡೀಲಿಕ್ಕೆ ಹಚ್ಚೂದು ಸುಮಾರು 100 ಲಕ್ಸಿನ ಬೆಳಕು. ಮನೀ 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದು ಮೀಟರ್ ದೂರದಾಗ ಹೆಚ್ಚು ಕಡಿಮಿ ಅಷ್ಟ ಬೆಳಕು ಚೆಲ್ತದ. ಅದಕ್ಕಿಂತ ಮಸುಕಾದ ಬೆಳಕಿಗೂ ಹೂ ತಡ ಆಗ್ತಾವ. ಹುಣ್ಣಿವಿ ಬೆಳದಿಂಗಳು ಅರ್ಧ ಲಕ್ಸೂ ಇಲ್ಲ, ಅದಕ್ಕ ಚಂದ್ರಗ ಗಿಡ ಮೋಸ ಹೋಗೂದಿಲ್ಲ. ನಿಮ್ಮ ಕಟ್ಟಿ ಲೈಟಿಗೆ ಹೋಗ್ತದ.

ಇಲ್ಲೆ ಒಬ್ರು ಹಿರಿಯರು ನನ್ನ ಜೋಡಿ ವಾದಕ್ಕ ನಿಂತಿದ್ರು. ‘ಹಿಂದಿನವ್ರು ತುಳಸಿ ಮುಂದ ದೀಪ ಇಡತಿದ್ದಿಲ್ಲೇನು? ಕಾರ್ತೀಕದಾಗ ಸಾಲು ಪಣತಿ ಹಚ್ಚತಿದ್ದಿಲ್ಲೇನು? ಹೊತ್ತು ಮುಳುಗಿದಾಗ ಬಾಗಲಾಗ ದೀಪ ಇಲ್ಲಂದ್ರ ಲಕ್ಷ್ಮಿ ಬರ್ತಾಳೇನು?’ ಅಂತ. ಇಡ್ರಿ, ಯಾರು ಬ್ಯಾಡಂದ್ರು? ಎಣ್ಣಿ ಪಣತಿ ಬೆಳಕು ಮೊಳದ ದೂರ ಹೋಗೂದ್ರಾಗ ಸಾಯ್ತದ, ಎಣ್ಣಿ ತೀರಿದ ಕೂಡಲೇ ತಾನ ಆರ್ತದ. ಹಿಂದಿನವ್ರ ದೀಪಕ್ಕ ಆರೂದು ಗೊತ್ತಿತ್ತು. ಲಕ್ಷ್ಮಿಗೂ ದಾರಿ ತೋರಸ್ಲಿಕ್ಕೆ ಪಣತಿ ಸಾಕಿತ್ತು, ಆಕಿ ಬರೂತನಕ 20 ವ್ಯಾಟಿನ ಟ್ಯೂಬ್ ಬೇಕು ಅಂತ ಯಾವ ಪುರಾಣದಾಗೂ ನಾ ಕೇಳಿಲ್ಲ. ಆಕಾಶಬುಟ್ಟಿದೂ ಇದ ಮಾತು. ಒಂದು ತಿಂಗಳ ತೂಗಹಾಕ್ರಿ, ನನಗೂ ಛಂದ ಕಾಣ್ತದ. ಶ್ಯಾವಂತಿಗಿ ಕುಂಡದ ನೆತ್ತಿ ಮ್ಯಾಲ ಬ್ಯಾಡ, ಮತ್ತ ಮಲಗೂ ಮುಂದ ಬಟನ್ ಒತ್ತರಿ.

ಕಳ್ಳರ ಮಾತು ತಗೀತಾರ ಮತ್ತೊಬ್ರು. ಅಂಜಿಕಿ ಖರೇನ ಇದ್ರ ಮಂದಿ ಬಂದಾಗಷ್ಟ ಹತ್ತಿ ತಾನ ಆರೂ ಲೈಟ್ ಹಾಕಸ್ರಿ. ಅಪರೂಪಕ್ಕ ಒಂದೆರಡು ನಿಮಿಷ ಬೆಳಕು ಬಿದ್ರ ಶ್ಯಾವಂತಿಗಿ ಅಷ್ಟು ತಲಿ ಕೆಡಸ್ಕೊಳ್ಳೂದಿಲ್ಲ. ಅದೂ ಆಗೂದಿಲ್ಲ ಅಂದ್ರ ಕುಂಡ ಎತ್ತಿ ಹಿತ್ತಲಕ್ಕ ಇಡ್ರಿ, ಇಲ್ಲಾ ಲೈಟ್ ಇಲ್ಲದ ಮಾಳಗಿ ಮೂಲಿಗೆ. ಫ್ಲಾಟಿನವ್ರಿಗೆ ಹಿತ್ತಲಾ ಇಲ್ಲ, ಮಾಳಗೀನೂ ಇಲ್ಲ. ಅವರು ಸಂಜಿ ಆರಕ್ಕ ಒಂದು ರಟ್ಟಿನ ಡಬ್ಬಿ ಬೋರಲ ಹಾಕಿ, ಮುಂಜಾನೆ ಏಳಕ್ಕ ತಗೀರಿ. ಫ್ರಿಜ್ ಬಂದ ಡಬ್ಬಿ ಬ್ಯಾಡ, ಮಿಕ್ಸರ್ ಬಂದದ್ದ ಸಾಕು. ಸಂದಿಯೊಳಗಿಂದ ಬೆಳಕು ನುಸಳಬಾರ್ದು. ಮುಂಜಾನೆ ತಗೀಲಿಕ್ಕೆ ಮರತ್ರ ಮಾತ್ರ ಗಿಡ ಒಳಗ ಬೆವತು ಎಲಿ ಕೊಳೀತಾವ. ಒಂದು ದಿನ ಬಿಟ್ಟು ಒಂದು ದಿನ ಮುಚ್ಚಿದ್ರ ನಡಿಯೂದಿಲ್ಲ, ಸಾಲಾಗಿ ಮುಚ್ಚಬೇಕು. ಜಾತಿ ಮ್ಯಾಲ ಹೋಗ್ತದ, ಆದ್ರ ಕತ್ತಲಿ ಶುರು ಆದಾಗಿಂದ ಹೂ ಅರಳೂತನಕ ಎಂಟರಿಂದ ಹತ್ತು ವಾರ ಹಿಡಕೊಳ್ರಿ. ಸಂಕ್ರಮಣಕ್ಕ ಹೂ ಬೇಕಂದ್ರ ನವೆಂಬರ ಮೊದಲನೇ ವಾರಕ್ಕ ಲೈಟಿಂದ ದೂರ ಇರಬೇಕು. ದೀಪಾವಳಿಗೆ ಬೇಕಂದ್ರ ಆಗಸ್ಟ್ ಕಡೀ ಹೊತ್ತಿಗೆ. ಮಗ್ಗಿ ಬಣ್ಣ ತೋರಸಿದ ಮ್ಯಾಲ ಪಡಸಾಲ್ಯಾಗ ತಂದು ಲೈಟ್ ಕೆಳಗ ಇಟ್ಟು ಹತ್ತು ಮಂದಿಗೆ ತೋರಸ್ರಿ, ಆವಾಗ ಏನೂ ಆಗೂದಿಲ್ಲ.

ಇಷ್ಟು ಸಸಾರ ಇದ್ದದ್ದನ್ನ ಬಿಟ್ಟು ನಮ್ಮ ಮಂದಿ ಗಿಡಕ್ಕ ಹೆಸರ ಇಡ್ತಾರ. ಈ ಬರಹ ಬರೀಲಿಕ್ಕೆ ಖರೇ ಕಾರಣ ಅದು.

ಹೋದ ಕಾರ್ತೀಕದಾಗ ಒಬ್ಬರ ಮನಿಗೆ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಬಾಗಲ ಬಾಜೂನ ಎರಡು ಕುಂಡ. ನೆತ್ತಿ ಮ್ಯಾಲ ಗೋಡೆಗೆ ಲೈಟು, ಹಗಲಿನಂಗ ಬೆಳಕು. ಬಂದವ್ರೊಬ್ರು ಕೇಳಿದ್ರು, ‘ಯಾಕ್ರಿ, ಹೂ ಬಿಟ್ಟಿಲ್ಲಲ್ಲ?’ ಮನೀ ಹಿರೇ ಹೆಣ್ಣಮಗಳು ನಕ್ಕೋತ ಅಂದ್ರು, ‘ಬಂಜಿ ಗಿಡ ರೀ ಅದು. ಎಷ್ಟು ಮಾಡಿದ್ರೂ ಅಷ್ಟ.’ ಅವರ ಸೊಸಿ ಅಲ್ಲೇ ಪಾನಕದ ತಾಟು ಹಿಡಕೊಂಡು ನಿಂತಿದ್ದಳು. ಲಗ್ನಾಗಿ ಆರು ವರ್ಷ. ಆಕಿ ತಾಟು ಹಂಗ ಹಿಡಕೊಂಡು ಮುಂದಿನವ್ರ ಕಡೆ ಹೋದಳು. ಯಾರೂ ಏನೂ ಅನಲಿಲ್ಲ. ಕೂತ ಹೆಣ್ಣಮಕ್ಕಳೆಲ್ಲಾ ಒಮ್ಮೆ ಗಿಡ ನೋಡಿದ್ರು, ಒಮ್ಮೆ ಆಕೀನ ನೋಡಿದ್ರು, ತಮ್ಮ ತಮ್ಮ ಉಡಿ ಸರಿ ಮಾಡ್ಕೊಂಡ್ರು.

ನಾ ಎದ್ದು ಹೋಗಿ ಆ ಲೈಟ್ ಆರಿಸಿದೆ. ‘ಅದರಾಗೇನೂ ಕಮ್ಮಿ ಇಲ್ರೀ. ನಿಮ್ಮ ಲೈಟ್ ಒಂದು ಆರಲಿ, ಆಮ್ಯಾಲ ಮಾತಾಡೂಣು’ ಅಂದೆ. ಅವರಿಗೆ ಸಿಟ್ಟು ಬಂತು, ಬರಲಿ.

ಬಂಜಿ ಅನ್ನೂ ಮಾತಿನೊಳಗ ಏನದ ನೋಡ್ರಿ. ತಪ್ಪೆಲ್ಲಾ ಅದರ ಒಳಗನ ಅದ, ನಮ್ಮದು ಏನೂ ಇಲ್ಲ ಅನ್ನೂ ತೀರ್ಮಾನ ಅದು. ಹಂಗಂದ ಮ್ಯಾಲ ಔಷಧ ಹಾಕೂದೊಂದ ಉಳೀತದ. ಗಿಡಕ್ಕ ಬಾಳಿಸಿಪ್ಪಿ ನೀರು, ಹೆಣ್ಣಮಗಳಿಗೆ ಯಾರ್ಯಾರೋ ಹೇಳಿದ ಕಷಾಯ, ನೂಲು, ಗುಡಿ ಪ್ರದಕ್ಷಿಣಿ. ಆ ಸೊಸಿ ಮುಂಜಾನೆ ಐದಕ್ಕ ಎದ್ದು ರಾತ್ರಿ ಹನ್ನೊಂದಕ್ಕ ಮಲಗ್ತಾಳ, ಆಕಿಗೆ ನಿದ್ದಿ ಸಾಕೇನು ಅಂತ ಕೇಳಿದವ್ರಿಲ್ಲ. ಡಾಕ್ಟರ್ ಕಡೆ ಆಕಿ ಒಬ್ಬಾಕೀನ ಕರಕೊಂಡು ಹೋಗ್ತಾರ, ಮಗನ್ನ ಕರಕೊಂಡು ಹೋಗೂದಿಲ್ಲ. ಗಿಡದ ಮುಂದ ಅಂದ ಮಾತು ಗಿಡಕ್ಕ ಕೇಳಸೂದಿಲ್ಲ, ಖರೆ. ಆಕಿಗೆ ಕೇಳಸ್ತದ. ಅದು ಗೊತ್ತಿದ್ದ ಅಂತಾರ. ‘ಸುಮ್ಮನ ಬಾಯಿಗೆ ಬಂತು, ಗಿಡಕ್ಕ ಅಂದೆ’ ಅನ್ನವ್ರನ್ನ ನಾ ನಂಬೂದಿಲ್ಲ. ನುಗ್ಗಿ ಗಿಡ ಕಾಯಿ ಬಿಡದಿದ್ರೂ ಬಂಜಿ, ಆಕಳಾ ಗಬ್ಬ ಆಗದಿದ್ರೂ ಬಂಜಿ. ಹಾಲು ಒಡದ್ರ ಮಾತ್ರ ಪಾತೇಲಿ ನೋಡ್ತಾರ, ಸರಿಯಾಗಿ ತೊಳದಿದ್ದಿಲ್ಲೇನೋ ಅಂತ. ಅಷ್ಟು ವಿಚಾರಾನಾದ್ರೂ ಗಿಡದ್ದು ಮಾಡಬಾರ್ದ?

ಇನ್ನೊಂದು ಜಾತಿ ಮಂದಿ ಇದ್ದಾರ. ಅವರಿಗೆ ಬಂಜಿ ಅನ್ನೂ ತನಕ ತಡಿಯೂ ತಾಳ್ಮೀನೂ ಇಲ್ಲ. ಹೂ ತುಂಬಿದ ಕುಂಡ ನರ್ಸರಿಯಿಂದ ತರ್ತಾರ, ಹೂ ಬಾಡಿದ ಕೂಡಲೇ ಕುಂಡದ ಸಮೇತ ಕಸದ ಗಾಡಿಗೆ ಹಾಕ್ತಾರ. ‘ಅವು ಒಂದ ಸಲಕ್ಕ ಬರೂವು’ ಅಂತಾರ. ಯಾರು ಹೇಳಿದ್ರು? ಶ್ಯಾವಂತಿಗಿ ವರ್ಷಾನುಗಟ್ಟಲೆ ಬದಕೂ ಗಿಡ. ಅಂಗಡಿ ಕುಂಡ ಯಾಕ ಲಗೂ ಸಾಯ್ತದ ಅಂದ್ರ, ಅದರೊಳಗ ಒಂದು ಗಿಡ ಇರೂದಿಲ್ಲ, ನಾಕೈದು ಇರ್ತಾವ. ಗುಂಡಗ ತುಂಬಿ ಕಾಣಲಿ ಅಂತ ಒತ್ತಿ ಹಚ್ಚಿರ್ತಾರ. ಜೊತಿಗೆ, ಉದ್ದ ಬೆಳೀಬಾರ್ದು ಅಂತ ಬೆಳವಣಿಗಿ ತಡಿಯೂ ಔಷಧಾನೂ ಹೊಡದಿರ್ತಾರ. ಹಿಂಗಾಗಿ ಎರಡನೇ ವರ್ಷ ಅದು ಗೇಣುದ್ದ ಇರೂದಿಲ್ಲ, ಮೊಳದುದ್ದ ಏಳ್ತದ. ಅದ ಅದರ ಖರೇ ಎತ್ತರ, ರೋಗ ಅಲ್ಲ. ಹೂ ಆದ ಮ್ಯಾಲ ಕುಂಡ ಬೋರಲ ಹಾಕಿ, ಬೇರು ಬಿಡಿಸಿ, ಒಂದೊಂದು ಗಿಡ ಒಂದೊಂದು ಕುಂಡಕ್ಕ ಹಚ್ಚರಿ. ಒಂದರ ರೊಕ್ಕದಾಗ ನಾಕು ಬಂದಂಗ. ಇದಕ್ಕ ಜಿಪುಣತನ ಅಂತ ನಕ್ಕವ್ರು ಮುಂದಿನ ವರ್ಷ ನನ್ನ ಕಡೆನ ಮರಿ ಕೇಳ್ಯಾರ.

ಜ್ವಾಪಾನ ಮಾಡೂದು ಹೆಂಗ ಅಂತ ಕೇಳವ್ರಿಗೆ ನಾ ಮಾಡೂದನ್ನ ಹೇಳ್ತೀನಿ, ಇದರಾಗ ಗುಟ್ಟೇನಿಲ್ಲ. ಹೂ ಮುಗದ ಮ್ಯಾಲ, ಜನವರಿ ಕಡೀಲೆ, ಟೊಂಗಿ ಎಲ್ಲಾ ನಾಕು ಬಟ್ಟು ಬಿಟ್ಟು ಕತ್ತರಸ್ತೀನಿ. ನೋಡವ್ರಿಗೆ ಸತ್ತಂಗ ಕಾಣ್ತದ. ಬುಡದಾಗಿಂದ ಮರಿ ಏಳ್ತಾವ. ಏಪ್ರಿಲ್-ಮೇ ಬಿಸಲಿಗೆ ಅರ್ಧ ನೆರಳಾಗ ಇಟ್ಟು ಬದಕಿಸ್ಕೊಂಡ್ರ ಸಾಕು, ಆವಾಗ ಅದರಿಂದ ಏನೂ ಬಯಸಬಾರ್ದು. ಮೊದಲ ಮಳಿ ಬಿದ್ದ ಮ್ಯಾಲ ಬೇರಿದ್ದ ಮರಿ ಬಿಡಿಸಿ ಬ್ಯಾರೆ ಮಾಡ್ತೀನಿ. ಇಲ್ಲಾ ಎಳೇ ತುದಿ ನಾಕು ಬಟ್ಟು ಕತ್ತರಿಸಿ ಉಸುಕಿನ್ಯಾಗ ಊರಿದ್ರ ಎರಡು-ಮೂರು ವಾರಕ್ಕ ಬೇರು ಬಿಡ್ತದ. ಕೆಂಪು ಮಣ್ಣು, ಕೊಳತ ಸಗಣಿ ಗೊಬ್ಬರ, ಉಸುಕು, ಅಷ್ಟ. ನೀರು ನಿಲ್ಲಬಾರ್ದು. ಬೊಟ್ಟು ಇಳಿಸಿ ನೋಡಿ ಒಣಗಿದ್ರ ಹಾಕೂದು, ಬುಡಕ್ಕ ಹಾಕೂದು. ಎಲಿ ಮ್ಯಾಲ ಚಿಮಕಿಸಿದ್ರ ಚಿಕ್ಕಿ ರೋಗ ಬರ್ತದ. ಹೇನು ಹತ್ತಿದ್ರ ಬೇವಿನ ಸಾಬೂನಿನ ನೀರು.

ಒಂದು ತಿಂಗಳಿಗೆ ಗಿಡ ಗೇಣುದ್ದ ಆಗ್ತದ, ಆವಾಗ ತುದಿ ಚೂಟತೀನಿ. ಬಾಜೂ ಟೊಂಗಿ ಒಡೀತಾವ, ಅವೂ ಬೆಳದ ಮ್ಯಾಲ ಮತ್ತೊಮ್ಮೆ. ಹರೇದ ಗಿಡದ ತುದಿ ಚೂಟ್ಲಿಕ್ಕೆ ನಮ್ಮ ಅತ್ತಿಯವ್ರಿಗೆ ಜೀವ ಬರತಿದ್ದಿಲ್ಲ, ‘ಬೆಳಿಯೂ ಕೂಸಿನ ತಲಿ ಚೂಟಬ್ಯಾಡ’ ಅಂತಿದ್ರು. ಚೂಟಲಿಲ್ಲ ಅಂದ್ರ ಒಂಟಿ ಕಡ್ಡಿ ತುದೀಗೆ ನಾಕು ಹೂ, ಗಾಳಿ ಬಂದ್ರ ಮಲಗ್ತದ. ಆಗಸ್ಟ್ ಮುಗದ ಮ್ಯಾಲ ಚೂಟೂದು ಬಂದ್. ಹಗಲೆಲ್ಲಾ ಐದಾರು ತಾಸು ಖರೇ ಬಿಸಲು ಬೇಕು. ಕತ್ತಲಿ ಕತ್ತಲಿ ಅಂತ ಇಷ್ಟೊತ್ತು ಹೇಳಿದೆ ಅಂತ ಮತ್ತ ಪಡಸಾಲಿ ಮೂಲ್ಯಾಗ ಇಟಗೊಂಡು ಕೂಡಬ್ಯಾಡ್ರಿ. ಹಗಲು ಹಗಲಾಗಿರಬೇಕು, ರಾತ್ರಿ ರಾತ್ರಿ ಆಗಿರಬೇಕು. ಫ್ರಿಜ್ಜಿನ ಹಿಂದ, ಗ್ಯಾಸಿನ ಬಾಜೂ ಇಡಬ್ಯಾಡ್ರಿ, ರಾತ್ರಿ ಶೆಕಿ ಹೆಚ್ಚಾದ್ರೂ ಮಗ್ಗಿ ತಡ ಆಗ್ತಾವ. ಇದ ಕತ್ತಲಿ ಲೆಕ್ಕ ಕೆಂಪು ಎಲಿ ಪಾಯಿನ್ಸೆಟಿಯಾಕ್ಕೂ ಹತ್ತತದ, ಕಲಾಂಚೋಕ್ಕೂ ಹತ್ತತದ. ಕ್ರಿಸ್‌ಮಸ್ ಹೊತ್ತಿಗೆ ಅವನ್ನ ತಂದು, ಮರುವರ್ಷ ಕೆಂಪಾಗಲಿಲ್ಲ ಅಂತ ಅಳವ್ರಿಗೂ ನನ್ನ ಉತ್ತರ ಬದಲಾಗೂದಿಲ್ಲ.

ಮನೀ ಒಳಗಿನ ಬಟನ್ ನಮ್ಮ ಕೈಯಾಗ ಅದ. ಹೊರಗಿಂದು? ನಮ್ಮ ಕಾಲನಿ ಕಮಿಟಿಯವ್ರು ಹೋದ ವರ್ಷ ಕಂಪೌಂಡಿನ ಸುತ್ತ ಫ್ಲಡ್‌ಲೈಟ್ ಹಾಕಿಸ್ಯಾರ. ರಸ್ತಾ ಬೆಳಗಲಿ ಅಂತ ಹಾಕಿದ್ದು, ರಸ್ತಾಕ್ಕಿಂತ ನಮ್ಮ ಮಲಗೂ ಖೋಲಿ ಹೆಚ್ಚು ಬೆಳಗ್ತದ. ಬ್ಯಾಸಗಿಯೊಳಗ ಕಿಡಕಿ ತಗದು ಮಲಗೂ ಹಂಗಿಲ್ಲ. ಹುಳಾ ಎಲ್ಲಾ ಅದಕ್ಕ ಬಡಕೊಂಡು ಸತ್ತು ಮುಂಜಾನೆ ಕಟ್ಟಿ ತುಂಬ ಬಿದ್ದಿರ್ತಾವ. ಬಾಜೂ ಮನೀ ಕೂಸಿನ ತೊಟ್ಟಲಕ್ಕ ಅವರು ಕರೇ ಪಡದಾ ಕಟ್ಯಾರ. ನಾ ಕಮಿಟಿಗೆ ಬರದು ಕೊಟ್ಟೆ: ಲೈಟ್ ತಗೀರಿ ಅನ್ನೂದಿಲ್ಲ, ಅದಕ್ಕೊಂದು ಟೊಪ್ಪಿಗಿ ಹಾಕಿ ಬೆಳಕು ಕೆಳಗ ಬೀಳೂ ಹಂಗ ಮಾಡ್ರಿ. ಶೃಂಗಾರದ ಸರಾ ಲೈಟ್ ರಾತ್ರಿ ಹತ್ತಕ್ಕ ಆರಲಿ. ನಡಿಯೂ ಮಂದಿ ಕಾಲಿಗೆ ಬೆಳಕು ಬೇಕು, ಎರಡನೇ ಅಂತಸ್ತಿನ ಕಿಡಕಿಗೆ ಬ್ಯಾಡ. ಮೀಟಿಂಗಿನ್ಯಾಗ ಓದಿ ಒಬ್ರು ನಕ್ಕು ಅಂದ್ರಂತ, ‘ಹೂವಿನ ಗಿಡಕ್ಕಾಗಿ ಕಾಲನಿ ಕತ್ತಲಿ ಮಾಡ್ಬೇಕಂತ.’

ಹೌದ್ರಿ, ಹೂವಿನ ಗಿಡಕ್ಕಾಗಿ ಮಾಡ್ರಿ. ಕೂಸಿನ ನಿದ್ದಿ ಅಂದ್ರ ಪಡದಾ ಕಟ್ಟರಿ ಅಂತೀರಿ, ಮುದಕಿ ನಿದ್ದಿ ಅಂದ್ರ ಗುಳಿಗಿ ತಗೋರಿ ಅಂತೀರಿ. ಗಿಡಕ್ಕ ಪಡದಾ ಕಟ್ಟಕೊಳ್ಳಿಕ್ಕೆ, ಗುಳಿಗಿ ನುಂಗ್ಲಿಕ್ಕೆ ಬರೂದಿಲ್ಲ. ಅದು ಹೂ ಬಿಡದ ಸುಮ್ಮನ ನಿಂತು ಸಾಕ್ಷಿ ಹೇಳ್ತದ. ನಾ ಎರಡನೇ ಅರ್ಜಿ ಬರದೀನಿ. ಈ ಸಲ ಆರು ಮನಿಯವ್ರ ಸಹಿ ಅವ, ಅದರಾಗ ನಾಕು ಮನ್ಯಾಗ ಶ್ಯಾವಂತಿಗಿ ಕುಂಡ ಅವ. ಉಳದ ಎರಡು ಮನಿಯವ್ರಿಗೆ ನಿದ್ದಿ ಬೇಕಾಗೇದ.

ಆ ಸೊಸಿ ಹೋದ ತಿಂಗಳ ಫೋನ್ ಮಾಡಿದ್ದಳು. ಕುಂಡ ಹಿತ್ತಲಕ್ಕ ಒಯ್ದು ಬಾವಿಕಟ್ಟಿ ಹಿಂದ ಇಟ್ಟಾಳಂತ, ಅತ್ತಿಯವ್ರಿಗೆ ಹೇಳದ. ‘ಹಳದಿ ಗಿಡಕ್ಕ ಹದಿನೇಳು ಮಗ್ಗಿ ಅವ ಕಾಕು, ಬಿಳೀದಕ್ಕ ಇನ್ನೂ ಎಣಸಿಲ್ಲ’ ಅಂದಳು. ಮತ್ತ ದನಿ ಸಣ್ಣ ಮಾಡಿ, ‘ಅರಳಿದ ಮ್ಯಾಲ ಮುಂದ ತಂದು ಇಡ್ಲೇನು?’ ಅಂತ ಕೇಳಿದಳು. ಬಾಗಲ ನಡುವನ ಇಡು ಅಂದೆ.

ಜನವರಿ ಕಡೀಲೆ ನನ್ನ ಕಡೆ ಮರಿ ಸಿಗ್ತಾವ, ಹಳದಿ, ಬಿಳಿ, ಮತ್ತ ಕೆಂಪು-ಕಂದು ಸಣ್ಣ ಗುಂಡಿ ಹೂವಿಂದು. ರೊಕ್ಕ ಬ್ಯಾಡ, ಕುಂಡ ನಿಮ್ಮದ ತರ್ರಿ. ಕೊಡೂ ಮೊದಲ ರಾತ್ರಿ ಎಲ್ಲಿ ಇಡ್ತೀರಿ, ಅಲ್ಲೆ ಲೈಟ್ ಎಷ್ಟೊತ್ತಿಗೆ ಆರ್ತದ ಅಂತ ಕೇಳ್ತೀನಿ. ಆರೂದಿಲ್ಲ ಅಂದವ್ರಿಗೆ ಪ್ಲಾಸ್ಟಿಕ್ ಹೂ ಎಲ್ಲಿ ಸಿಗ್ತಾವ ಅಂತ ಹೇಳಿ ಕಳಸ್ತೀನಿ.